ಜಾಗೃತಿ ಅಧಿಕಾರಿಯ ಮಗಳು

ಹಲೋ… ತರಬೇತಿ ಸಂಸ್ಥೆ, ವೆಲ್ಡಿಂಗ್ ವಿಭಾಗ. ಯಾರು ಮಾತಾಡ್ತಿರೋದು?…

ಹಲೋ, ಯಾರಪ್ಪಾ?… ಓ, ಮತ್ತೆ ಅದೇ ರೆಕಾರ್ಡಿಂಗಾ. ಬೆಳಿಗ್ಗೆಯಿಂದ ಇದೇ ಆಗೋಯ್ತು. "ಪ್ರಿಯ ಪೋಷಕರೇ, ಮಕ್ಕಳ ಕೈಗೆ ಕಸುಬು ಕೊಡಿ, ಬದುಕು ತಾನಾಗಿ ಹಿಂದೆ ಬರುತ್ತೆ." ಕೇಳಿದ್ದೀನಪ್ಪಾ. ಕೇಳಿ ಕೇಳಿ ಕಿವಿ ತೂತು ಬಿದ್ದಿದೆ. ಇಡ್ತೀನಿ…

ಹಾಂ? ರೆಕಾರ್ಡಿಂಗ್ ಅಲ್ವಾ?… ಹೌದಲ್ಲ, ರೆಕಾರ್ಡಿಂಗ್ ಹೀಗೆ ಕೂಗಾಡಲ್ಲ. ಅದರಲ್ಲಿ ನಿನ್ನ ದನಿ ಜೇನಲ್ಲಿ ಅದ್ದಿ ತೆಗೆದ ಹಾಗಿರುತ್ತೆ. ಹೇಳೋ ತಮ್ಮಾ. ಅಕ್ಕ ಅನ್ನೋಳು ಒಬ್ಬಳಿದ್ದಾಳೆ ಅಂತ ಇವತ್ತು ಹೇಗೆ ನೆನಪಾಯ್ತು? ಜನಜಾಗೃತಿ ಅಧಿಕಾರಿಗಳು ಖುದ್ದಾಗಿ ವರ್ಕ್‌ಶಾಪಿಗೆ ಫೋನ್ ಮಾಡಿದ್ದು ಇದೇ ಮೊದಲು. ನಮ್ಮ ಭಾಗ್ಯದ ಬಾಗಿಲು ತೆರೀತು ಅನ್ನು…

ನಿಧಾನಕ್ಕೆ ಹೇಳು. ಇಲ್ಲಿ ಗ್ರೈಂಡರ್ ಓಡ್ತಿದೆ, ಅರ್ಧ ಮಾತು ಕೇಳಿಸ್ತಿಲ್ಲ. ಏನು, ನಮ್ಮ ಗುಬ್ಬಿ ಕಾಲೇಜಿಗೆ ಹೋಗ್ತಿಲ್ವಾ?…

ಹಾಂ, ಗೊತ್ತಿತ್ತು… ಹೌದು ಕಣೋ, ಗೊತ್ತಿತ್ತು ಅಂದೆ. ನಿನ್ನ ಮಗಳು ಕಾಮರ್ಸ್ ಬಿಟ್ಟು ಇಲ್ಲಿ ವೆಲ್ಡಿಂಗ್ ಕಲೀತಿದ್ದಾಳೆ. ನನ್ನ ಹತ್ರಾನೇ. ಇದರಲ್ಲಿ ಗುಟ್ಟೇನಿದೆ? ಇಡೀ ಸಂಸ್ಥೆಗೆ ಗೊತ್ತು, ಕ್ಯಾಂಟೀನಿನವನಿಗೆ ಗೊತ್ತು, ಗೇಟಲ್ಲಿ ಮಲಗೋ ನಾಯಿಗೂ ಗೊತ್ತು. ನಿಮ್ಮ ಇಲಾಖೆಗೆ ಮಾತ್ರ ಮಾಹಿತಿ ತಡವಾಗಿ ತಲುಪಿದೆ, ಅದು ನಿಮ್ಮ ಪದ್ಧತಿ ತಾನೇ?…

ನಿನಗೆ ಯಾರು ಹೇಳಿದ್ರು?… ನಿನ್ನ ಹೆಂಡ್ತಿನಾ? ಅವಳಿಗೆ ಯಾರು ಹೇಳಿದ್ರು?… ಬಸ್ ಸ್ಟಾಪಲ್ಲಾ? ನಿಮ್ಮ ಇಲಾಖೆ ಹಾಕಿಸಿದ ಪೋಸ್ಟರ್ ನೋಡಿ?…

ಇರು, ನಗು ತಡ್ಕೊಳ್ಳೋಕೆ ಆಗ್ತಿಲ್ಲ… ಇಲ್ಲ, ನಿನ್ನ ನೋಡಿ ನಗ್ತಿಲ್ಲ. ಆ ಪೋಸ್ಟರಲ್ಲಿ ಹುಡುಗಿ ಮುಖಕ್ಕೆ ಶೀಲ್ಡ್ ಇದೆ, ಕೈಗೆ ಮೊಣಕೈವರೆಗೂ ಗ್ಲೌಸಿದೆ. ಕಾಣೋದು ಬರೀ ಕಿಡಿ, ಬೂಟು. ನಿನ್ನ ಹೆಂಡ್ತಿ ಹೇಗೆ ಗುರುತು ಹಿಡಿದ್ಲು?… ನಿಂತಿರೋ ರೀತಿಲಿ. ಎಡಗಾಲಿನ ಮೇಲೆ ಭಾರ ಬಿಟ್ಟು, ಬಲಗಾಲಿನ ತುದಿ ನೆಲಕ್ಕೆ ಒತ್ತಿ. ಹೌದು, ನಡೆಯೋಕೆ ಕಲಿತಾಗಿನಿಂದ ಗುಬ್ಬಿ ನಿಲ್ಲೋದೇ ಹಾಗೆ. ಹೆತ್ತ ಕಣ್ಣು ನೋಡಪ್ಪ, ಕಬ್ಬಿಣದ ಶೀಲ್ಡ್ ಹಾಕಿದ್ರೂ ಒಳಗೆ ಹೋಗುತ್ತೆ…

ಮತ್ತೆ ನೀನು? ನೂರಾರು ಫೋಟೋ ಮುಂದೆ ಹರಡ್ಕೊಂಡು ಅದನ್ನೇ ಆರಿಸಿದ್ದು ಯಾರು?… ಹಾಂ, ನೀನೇ. ಫೋಟೋ ತೆಗೆದವನು ಬಂದು ನನಗೆ ಹೇಳಿದ್ದಾನೆ. ಸಭೆಯಲ್ಲಿ ಎದ್ದು ನಿಂತು "ಈ ಹುಡುಗಿ ನಿಂತಿರೋ ಠೀವಿ ನೋಡಿ, ಇವಳ ಅಪ್ಪ ಅಮ್ಮ ಪುಣ್ಯ ಮಾಡಿದ್ರು" ಅಂದೆಯಂತೆ. ಅಂದೆಯಾ ಇಲ್ವಾ?… ಅಂದೆ ತಾನೇ. ಮತ್ತೆ? ಪುಣ್ಯ ಮಾಡಿದ್ದೀಯ, ಅನುಭವಿಸು…

ಕೆಳಗೆ ಬರೆಸಿದ್ದೂ ನೀನೇ. "ಇವಳು ನಮ್ಮ ಮನೆ ಮಗಳು." ಇಷ್ಟು ವರ್ಷದಲ್ಲಿ ನಿಮ್ಮ ಇಲಾಖೆ ಒಂದೇ ಒಂದು ಅಕ್ಷರಶಃ ಸತ್ಯ ಅಚ್ಚು ಹಾಕಿಸಿದೆ, ಅದಕ್ಕೂ ನೀನು ಕೋಪ ಮಾಡ್ಕೊಂಡ್ರೆ ಹೇಗೋ?…

ನಾನು ತಲೆ ಕೆಡಿಸಿದೆನಾ? ನಾನಾ?… ಕೇಳು. ಹೋದ ಬೇಸಿಗೆ ರಜೆಯಲ್ಲಿ ನಾನು ಊಟದ ಡಬ್ಬಿ ಮರೆತು ಬಂದಿದ್ದೆ, ಅವಳು ತಂದುಕೊಟ್ಲು. ಇಲ್ಲೊಬ್ಬಳು ಹುಡುಗಿ ಕಬ್ಬಿಣದ ಪ್ಲೇಟ್ ಬೆಸೆದು ಜೋಡಿಸ್ತಾ ಇದ್ಲು. ಗುಬ್ಬಿ ಕಿಡಿ ನೋಡೋ ಕಪ್ಪು ಗಾಜು ಕಣ್ಣಿಗೆ ಹಿಡ್ಕೊಂಡು ನೋಡ್ತಾ ನಿಂತೋಳು ನಿಂತೇ ಇದ್ಲು. ಮನೆಗೆ ಹೋಗೇ ಅಂದ್ರೆ "ಅತ್ತೆ, ಎರಡು ತುಂಡು ಕರಗಿ ಒಂದೇ ಆಗೋದು ಕಣ್ಣಿಗೆ ಕಾಣುತ್ತೆ" ಅಂದ್ಲು. ಅಷ್ಟೇ. ಆಮೇಲೆ ಮಾರನೇ ದಿನ ಡಬ್ಬಿ ಮರೀದೇ ಇದ್ರೂ ಬಂದ್ಲು. ನಾನೇನು ಮಂತ್ರ ಹಾಕಿದ್ನಾ?…

ಸೀಟೂ ನಾನು ಕೊಟ್ಟಿದ್ದಲ್ಲ. ನನ್ನ ಸಂಬಂಧ ಅಂತ ನಾನು ಪರೀಕ್ಷೆ ಕೋಣೆಗೇ ಕಾಲಿಡಲಿಲ್ಲ. ಫಿಟ್ಟರ್ ಮಾಸ್ತರು ಕೂತು ಪರೀಕ್ಷೆ ಮಾಡಿದ್ರು. ಅವರೆಂಥೋರು ಅಂತ ನಿನಗೆ ಗೊತ್ತಿಲ್ಲ, ಸ್ವಂತ ಅಳಿಯನನ್ನೇ ಫೇಲು ಮಾಡಿದ ಮನುಷ್ಯ…

ನಿನಗೆ ಹೇಳಲಿಲ್ಲ ಅಂತ ಯಾರಂದ್ರು? ಹೇಳಿದ್ಲು. ರಾತ್ರಿ ಊಟಕ್ಕೆ ಕೂತಾಗ ಹೇಳಿದ್ಲು. "ಅಪ್ಪಾ, ನಾನು ಕಾಲೇಜು ಬಿಟ್ಟು ವೆಲ್ಡಿಂಗ್ ಕಲೀಬೇಕು ಅಂತಿದ್ದೀನಿ." ನೀನೇನಂದೆ, ನೆನಪಿದೆಯಾ?… ನಾನು ನೆನಪಿಸ್ತೀನಿ. "ಭಲೇ, ಒಳ್ಳೇ ಡೈಲಾಗು, ಬೀದಿ ನಾಟಕಕ್ಕೆ ಹಾಕೋಣ" ಅಂದೆ. ಹಾಕಿದ್ದೀಯ ಕೂಡ. ಮಾರುಕಟ್ಟೆ ಹತ್ರ ನಾಟಕದೋರು ಅದೇ ಮಾತು ಹೇಳಿದ್ರು, ಜನ ಚಪ್ಪಾಳೆ ತಟ್ಟಿದ್ರು. ನಿನ್ನ ಮಗಳು ಆ ಜನರ ಮಧ್ಯೆ ನಿಂತಿದ್ಲು ಕಣೋ. ಅವಳೂ ತಟ್ಟಿದ್ಲಂತೆ. ಇನ್ನೇನು ಮಾಡೋದು ಪಾಪ…

ಹೌದು. ಹೇಳಿದ್ದನ್ನ ಕೇಳಿಸ್ಕೊಳ್ಳೋದೂ ಒಂದು ಕಸುಬು. ಅದಕ್ಕೆ ನಮ್ಮಲ್ಲಿ ತರಬೇತಿ ಇಲ್ಲ…

ಹಾಂ? ಏನಂದೆ, ಇನ್ನೊಂದು ಸಲ ಹೇಳು… "ಅದು ಜನರಿಗೆ ಹೇಳಿದ್ದು." ಓಹೋ. ಅಂದ್ರೆ ನಾವು ಜನ ಅಲ್ವಾ? ನಾವೇನು, ಮೇಜು ಕುರ್ಚಿನಾ?… ಇಲ್ಲ, ನನಗೆ ಅರ್ಥ ಆಗಬೇಕು. ಬಸ್ ಓಡಿಸೋನ ಮಗಳು ಬಂದ್ರೆ ನಾಡು ಕಟ್ಟೋ ಕೆಲಸ. ಬಟ್ಟೆ ಹೊಲಿಯೋಳ ಮಗಳು ಬಂದ್ರೆ ಸ್ವಾವಲಂಬನೆ. ನಿನ್ನ ಮಗಳು ಬಂದ್ರೆ ಮಾತ್ರ ಮನೆ ಮರ್ಯಾದೆ ಮಣ್ಣುಪಾಲು. ಹಾಗೆ ತಾನೇ? ಪೋಸ್ಟರಲ್ಲಿ ಇದನ್ನೂ ಸಣ್ಣ ಅಕ್ಷರದಲ್ಲಿ ಹಾಕಿಸಬೇಕಿತ್ತು ನೀನು. ಷರತ್ತುಗಳು ಅನ್ವಯಿಸುತ್ತವೆ ಅಂತ…

ಕೂಗಬೇಡ. ನಿಮ್ಮ ಆಫೀಸಲ್ಲಿ ಕೇಳಿಸ್ಕೊಂಡಾರು. ಜಾಗೃತರಾಗಿಬಿಟ್ರೆ ಕಷ್ಟ…

ಸರಿ, ಒಂದು ಮಾತು ಹೇಳ್ತೀನಿ, ತಮಾಷೆ ಅಲ್ಲ. ಈ ತರಬೇತಿ ಸುಧಾರಣೆ ಇದೆಯಲ್ಲ, ನೀನು ಊರೂರಿಗೆ ಹೇಳ್ಕೊಂಡು ತಿರುಗ್ತಿರೋದು, ಅದು ಒಳ್ಳೇದು ಕಣೋ. ನಿಜವಾಗ್ಲೂ ಒಳ್ಳೇದು. ನಾನು ಕಲಿಯೋವಾಗ ಏನಿತ್ತು? ಅರ್ಧ ಕಾಲ ಕಸ ಗುಡಿಸಿದೆ, ಇನ್ನರ್ಧ ಕೆಟ್ಟ ಮಷೀನಿನ ಚಿತ್ರ ಬರೆದೆ. ಈಗ ಈ ಮಕ್ಕಳು ವಾರದಲ್ಲಿ ಅರ್ಧ ಇಲ್ಲಿ, ಅರ್ಧ ಕಾರ್ಖಾನೆಯಲ್ಲಿ. ಬೇಕಂದ್ರೆ ಇಲ್ಲಿಂದಲೇ ಡಿಪ್ಲೊಮಾಕ್ಕೆ ಹೋಗಬಹುದು, ಮುಂದೆ ಡಿಗ್ರಿಗೂ ಹೋಗಬಹುದು, ಇಲ್ಲಿ ಕಲಿತಿದ್ದು ನೀರಲ್ಲಿ ಹೋಮ ಆಗಲ್ಲ. ಈ ಕೆಲಸ ಮಾಡೋರು ಬೇರೆ ಎಲ್ಲೂ ಗತಿ ಇಲ್ದೆ ಬಂದೋರು ಅನ್ನೋ ಮಾತು ಹೋಗಬೇಕು ಅಂತ ನೀನೇ ತಾನೇ ಬರೆದಿದ್ದು? ನಾನು ಓದಿದ್ದೀನಿ. ಓದಿ, ಪರವಾಗಿಲ್ಲ ನಮ್ಮ ತಮ್ಮ, ತಲೆ ಇದೆ ಅಂದ್ಕೊಂಡೆ…

ಹಾಂ, ನಾಳೆ ನಿಮ್ಮ ಸಮಾರಂಭಕ್ಕೆ ಕಳಿಸಿದ ಬಲೂನು ಬಂತು. ಬಲೂನು, ಟೋಪಿ, ನಿನ್ನ ಘೋಷಣೆ ಇರೋ ಕೀಲಿಬಂಚು, ಎಲ್ಲಾ ಬಂತು. ವೆಲ್ಡಿಂಗ್ ರಾಡ್ ಮಾತ್ರ ಬಂದಿಲ್ಲ. ಮಕ್ಕಳು ಇರೋ ರಾಡನ್ನೇ ಚೋಟುದ್ದ ಉಳಿಯೋತನಕ ಉಜ್ಜಿ ಉಜ್ಜಿ ಕಲೀತಿದ್ದಾರೆ. ನಾಳೆ ಬಲೂನನ್ನೇ ವೆಲ್ಡ್ ಮಾಡಿ ತೋರಿಸ್ತೀವಿ, ಬರೋ ದೊಡ್ಡೋರಿಗೆ ಮನರಂಜನೆ ಆಗಲಿ…

ವಿಷಯಕ್ಕೆ ಬರಬೇಕಾ ನಾನು? ನೀನು ಬಾ ವಿಷಯಕ್ಕೆ. ಏನಾಗಬೇಕು ನಿನಗೆ?… ಇಲ್ಲಿಂದ ಅವಳ ಹೆಸರು ತೆಗೀಬೇಕು. ಯಾವಾಗ?… ಇವತ್ತೇನಾ? ಇವತ್ತು ಏನಿದೆ ಅಂತ ಗೊತ್ತಾ ನಿನಗೆ? ಸೇತುವೆ ಕಟ್ಟೋ ಕಂಪನಿಯೋರು ಬಂದಿದ್ದಾರೆ. ಮಕ್ಕಳ ಕೈಲಿ ಜಾಯಿಂಟ್ ಮಾಡಿಸಿ, ಬೆಸುಗೆ ಒಳಗೆ ಗಟ್ಟಿ ಇದೆಯಾ ಅಂತ ಕತ್ತರಿಸಿ ನೋಡಿ, ಹಿಡಿಸಿದೋರನ್ನ ಕರ್ಕೊಂಡು ಹೋಗ್ತಾರೆ. ಗುಬ್ಬಿ ತಿಂಗಳುಗಟ್ಟಲೆ ಕಾದಿದ್ದು ಇದಕ್ಕೇನೇ…

ಇರು, ಪ್ರಿನ್ಸಿಪಾಲರು ಬಂದ್ರು. ಇಡಬೇಡ…

ಬನ್ನಿ ಸರ್. ಯಾಕೆ ಹೀಗೆ ಬೆವೆತಿದ್ದೀರಿ?… ಯಾರ ಹೆಸರು ಬಿಡೋದು?… ಗುಬ್ಬಿನಾ?… ಯಾಕಂತೆ?… ಮೇಲಿನಿಂದ ಫೋನ್ ಬಂತಾ? ಎಷ್ಟು ಮೇಲಿನಿಂದ ಸರ್?… ಅರ್ಥ ಆಯ್ತು. ಆ ಮೇಲಿನೋರು ಈಗ ನನ್ನ ಕೈಯಲ್ಲೇ ಇದ್ದಾರೆ, ಇದೇ ಫೋನಲ್ಲಿ. ನೀವು ಕೂತ್ಕೊಳ್ಳಿ, ನೀರು ಕುಡೀರಿ…

ಹಲೋ… ಕೇಳಿಸ್ತಾ?…

ಹಾಗಾದ್ರೆ ನೀನು ನನ್ನ ಕೇಳೋಕೆ ಫೋನ್ ಮಾಡಿದ್ದಲ್ಲ. ಮಾಡೋದೆಲ್ಲ ಮಾಡಿ ಮುಗಿಸಿ, ಅಕ್ಕನಿಗೆ ಒಂದು ಮಾತು ತಿಳಿಸೋಣ ಅಂತ. ಪರವಾಗಿಲ್ಲ, ಸೌಜನ್ಯ ಇದೆ…

ಅವಳನ್ನ ವೆಲ್ಡಿಂಗ್ ಬೂತಿಂದ ಎಬ್ಬಿಸಿ ಆಚೆ ಕೂರಿಸಿದ್ದಾರೆ. ಇಲ್ಲಿಂದ ಕಿಟಕಿಯಲ್ಲಿ ಕಾಣ್ತಿದೆ. ಬೆಂಚಿನ ಮೇಲೆ ಕೂತಿದ್ದಾಳೆ, ಗ್ಲೌಸು ತೊಡೆ ಮೇಲಿದೆ. ಅದರ ಬೆರಳು ಒಂದೊಂದಾಗಿ ನೇರ ಮಾಡ್ತಿದ್ದಾಳೆ… ಇಲ್ಲ, ಅಳ್ತಿಲ್ಲ. ಅತ್ತಿದ್ರೆ ನನಗೆ ಸಮಾಧಾನ ಆಗ್ತಿತ್ತು…

ನಾಲ್ಕು ಜನ ಏನಂತಾರೆ ಅಂತಾನಾ? ಹಾಂ, ಬಂತು ನೋಡು. ಎಲ್ಲಿ ಅವರು, ಆ ನಾಲ್ಕು ಜನ? ನಾನು ಹುಟ್ಟಿದಾಗಿಂದ ಅವರನ್ನ ಹುಡುಕ್ತಿದ್ದೀನಿ, ಒಬ್ಬರೂ ಕೈಗೆ ಸಿಕ್ಕಿಲ್ಲ. ನಮ್ಮ ಅಪ್ಪನಿಗೂ ಅವರದ್ದೇ ಭಯ ಇತ್ತು…

ಯಾಕೆ ಅಪ್ಪನ ವಿಷಯ ತರಬಾರದು? ತರ್ತೀನಿ. ಈ ಊರಲ್ಲಿ ಎಷ್ಟು ಮನೆ ಗೇಟು ಅಪ್ಪ ಮಾಡಿದ್ದು? ಎಷ್ಟು ಕಿಟಕಿಗೆ ಸರಳು ಆ ಸುಟ್ಟು ಕಪ್ಪಾದ ಕೈಲೇ ಕೂರಿಸಿದ್ದು? ನಿನ್ನ ಕಾಲೇಜಲ್ಲಿ ಪದಕ ಕೊಟ್ಟ ದಿನ ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಬಂದಿದ್ರು. ನೀನು ಅವರ ಕಿವೀಲಿ ಏನು ಹೇಳಿದೆ? ನಾನು ಪಕ್ಕದಲ್ಲೇ ಇದ್ದೆ. "ಅಪ್ಪಾ, ಕೈ ಜೇಬಲ್ಲಿ ಇಟ್ಕೊಳ್ಳಿ" ಅಂದೆ…

ಇಟ್ಕೊಂಡ್ರು. ಪಾಪ, ಮಗ ಹೇಳಿದ್ದಾನೆ. ನಿನ್ನ ಪ್ರೊಫೆಸರು ಕೈಕುಲುಕೋಕೆ ಬಂದಾಗಲೂ ತೆಗೀಲಿಲ್ಲ. ಬರೀ ತಲೆ ಆಡಿಸಿದ್ರು. ಆ ಮನುಷ್ಯ ಇವರನ್ನ ಏನಂದ್ಕೊಂಡ್ರೋ, ಜಂಬದೋರು ಅಂದ್ಕೊಂಡಿರಬೇಕು. ಆಮೇಲೆ ಅಪ್ಪ ಎಲ್ಲೇ ಹೋದ್ರೂ ಹಾಗೇ. ನಿನ್ನ ಮದುವೆ ಫೋಟೋ ತೆಗೆದು ನೋಡು, ಒಂದರಲ್ಲೂ ಅವರ ಕೈ ಇಲ್ಲ…

…

ಯಾಕೆ ಮಾತು ತಿರುಗಿಸ್ತೀಯ?…

 

ನಾಳೆ ಸಮಾರಂಭಾನಾ? ಅದಕ್ಕೇನು?… ದೊಡ್ಡೋರು ಪೋಸ್ಟರಿನ ಹುಡುಗೀನ ವೇದಿಕೆ ಮೇಲೆ ನೋಡಬೇಕು ಅಂದ್ರಾ? ನೋಡ್ಲಿ. ಅದಕ್ಕೆ ನಿನಗ್ಯಾಕೆ ಸಂಕಟ?… ಏನು ಮಾಡ್ತೀಯ ಅಂದೆ?… ಬೇರೆ ಹುಡುಗಿಗೆ ಶೀಲ್ಡ್ ಹಾಕಿ ನಿಲ್ಲಿಸ್ತೀಯಾ? ಮುಖ ಹೇಗೂ ಕಾಣಲ್ಲ ಅಂತಾನಾ?…

ಅಬ್ಬಾ, ಇದಪ್ಪ ತಲೆ ಅಂದ್ರೆ. ಗಣಿತದಲ್ಲಿ ಪದಕ ಸುಮ್ಮನೆ ಬಂದಿದ್ದಲ್ಲ. ಯಾರನ್ನ ನಿಲ್ಲಿಸಲಿ ಹೇಳು? ಯಾರ ಮಗಳಾದ್ರೆ ನಿನಗೆ ಅನುಕೂಲ? ಎತ್ತರ ಸ್ವಲ್ಪ ಹೆಚ್ಚು ಕಮ್ಮಿ ಆದ್ರೆ ನಡೆಯುತ್ತಾ? ಅಥವಾ ಒಂದು ಕೋಲಿಗೆ ಏಪ್ರನ್ ತೊಡಿಸಿ, ಮೇಲೆ ಶೀಲ್ಡ್ ಸಿಕ್ಕಿಸಿ ನಿಲ್ಲಿಸಲಾ? ಕೋಲು ಎದುರು ಮಾತಾಡಲ್ಲ, ಕಾಲೇಜೂ ಬಿಡಲ್ಲ. ಊಟದ ಹೊತ್ತಲ್ಲಿ ಅದು ಏನೂ ಹೇಳಲ್ಲ, ನಿನಗೆ ಕೇಳಿಸ್ಕೊಳ್ಳೋ ಕಷ್ಟವೂ ಇಲ್ಲ…

ಇಲ್ಲ. ನಾನು ಮಾಡಲ್ಲ. ನನ್ನ ಮಕ್ಕಳಲ್ಲಿ ಒಬ್ಬಳನ್ನೂ ಇನ್ನೊಬ್ಬಳ ವೇಷ ಹಾಕಿ ನಿಲ್ಲಿಸಲ್ಲ. ನನ್ನನ್ನ ಎಲ್ಲಿಗೆ ಎತ್ತಿ ಹಾಕಿಸ್ತೀಯೋ ಹಾಕಿಸು. ವೆಲ್ಡಿಂಗ್ ಬರೋಳಿಗೆ ಎಲ್ಲೋದ್ರೂ ಹೊಟ್ಟೆಪಾಡಿಗೆ ತೊಂದ್ರೆ ಇಲ್ಲ. ನಿನ್ನ ರೆಕಾರ್ಡಿಂಗಲ್ಲೇ ಹೇಳಿದ್ದೀಯಲ್ಲ…

ಏನು?… ಮೆಲ್ಲಗೆ ಮಾತಾಡಿದ್ರೆ ಕೇಳಿಸಲ್ಲ, ಕೂಗಿದ್ರೂ ಕೇಳಿಸಲ್ಲ, ನಿನ್ನದೊಳ್ಳೇ ಕಥೆ. ಏನಂದೆ?… ಮಣಿಕಟ್ಟಿನ ಹತ್ರ ಇರೋ ಕಲೆನಾ?…

ಹೌದು. ಇಲ್ಲಿ ಆಗಿದ್ದೇ. ಕುಕ್ಕರ್ ತಾಗಿತು ಅಂದಿದ್ಲಾ ನಿನಗೆ?… ಕಿಡಿ ಗ್ಲೌಸಿನೊಳಗೆ ಬಿತ್ತು. ಸಣ್ಣದು. ತಣ್ಣೀರು ಹಾಕಿ, ಔಷಧಿ ಹಚ್ಚಿ ಕಟ್ಟಿದೆ. ಅವಳು ಅವತ್ತು ಮನೆಗೆ ಹೋಗಲ್ಲ ಅಂದ್ಲು, ನಾನೇ ಬೈದು ಕಳಿಸಿದೆ. ಆಮೇಲೆ ಗ್ಲೌಸು ಬಿಗಿಯಾಗಿ ಕಟ್ಟೋಕೆ ಯಾರೂ ಹೇಳಬೇಕಾಗಿಲ್ಲ ಅವಳಿಗೆ…

ಕಣ್ಣಿಗೇನೂ ಆಗಲ್ಲ. ಅದಕ್ಕೇ ಶೀಲ್ಡ್ ಇರೋದು… ಗೊತ್ತು. ನೀನು ಅಪ್ಪ, ನಿನಗೆ ಭಯ ಆಗುತ್ತೆ. ಅದನ್ನ ಮೊದಲೇ ಹೇಳಿದ್ರೆ ನಾನು ಇಷ್ಟು ಹೊತ್ತು ನಾಲಿಗೆ ಹರಿತ ಮಾಡ್ಕೊಂಡು ಕೂರ್ತಿರಲಿಲ್ಲ. ಭಯ ಆಗ್ತಿದೆ ಅಂತ ಹೇಳೋಕೆ ಮರ್ಯಾದೆ, ನಾಲ್ಕು ಜನ, ಇಲಾಖೆ ಎಲ್ಲಾ ಸುತ್ತು ಹಾಕ್ಕೊಂಡು ಬಂದೆಯಲ್ಲೋ. ನನಗೂ ಆಗುತ್ತೆ. ಅವಳು ಪ್ರತಿಸಲ ರಾಡ್ ಹಚ್ಚಿದಾಗಲೂ ಶೀಲ್ಡ್ ಸರಿ ಕೂತಿದೆಯಾ ಅಂತ ಕತ್ತೆತ್ತಿ ನೋಡ್ತೀನಿ. ಎತ್ತಿ ಆಡಿಸಿದ ಮಗು ತಾನೇ. ಆದ್ರೆ ಅವಳಿಗೆ ಭಯ ಆಗಲ್ಲ ಕಣೋ. ಅವಳ ಕೈ ನಿಲ್ಲೋ ರೀತಿ ನೋಡಬೇಕು ನೀನು…

ಚೆನ್ನಾಗಿ ಮಾಡ್ತಾಳಾ ಅಂತಾನಾ? ಅತ್ತೇನ ಕೇಳಬೇಡ, ಹೆತ್ತವರಿಗೆ ಹೆಗ್ಗಣ ಮುದ್ದು ಅಂತೀಯ. ಕಂಪನಿಯೋರು ಕತ್ತರಿಸಿ ನೋಡ್ತಾರಲ್ಲ, ಅವರನ್ನ ಕೇಳು. ಆದ್ರೆ ಬೆಂಚಿನ ಮೇಲೆ ಕೂತೋಳ ಜಾಯಿಂಟನ್ನ ಯಾರೂ ಕತ್ತರಿಸಲ್ಲ…

ಹಾಂ… ಹಾಂ… ನಾನ್ಯಾಕೆ ಹೇಳಲಿ? ತೆಗೀರಿ ಅಂದೋನು ನೀನು, ಮತ್ತೆ ಪರೀಕ್ಷೆಗೆ ಕೂರಿಸಿ ಅಂತಲೂ ನೀನೇ ಹೇಳು. ಪ್ರಿನ್ಸಿಪಾಲರು ಇಲ್ಲೇ ಇದ್ದಾರೆ, ಎರಡು ಲೋಟ ನೀರು ಕುಡಿದಾಯ್ತು, ಮೂರನೇದು ಕುಡಿಯೋ ಮುಂಚೆ ಹೇಳು. ತಗೊಳ್ಳಿ ಸರ್, ಮೇಲಿನೋರು…

…

ಹಲೋ. ಕೊಟ್ರು… ಅವರ ಮುಖ ನೋಡಬೇಕಿತ್ತು. "ಸರಿ ಸರ್, ಸರಿ ಸರ್" ಅಂತ ಎದ್ದು ನಿಂತೇ ಮಾತಾಡಿದ್ರು. ಇವತ್ತು ಎರಡು ಆಜ್ಞೆ ಬಂದಿದೆ, ಒಂದಕ್ಕೊಂದು ವಿರುದ್ಧ, ಎರಡಕ್ಕೂ ಸರಿ ಸರ್. ಓಡಿ ಹೋದ್ರು ಕಂಪನಿಯೋರನ್ನ ಹಿಡಿಯೋಕೆ…

ಇದೆ, ಇದೆ. ಇನ್ನೊಂದು ತಂಡ ಬಾಕಿ ಇದೆ. ಕಡೇ ತಂಡದಲ್ಲಿ ಕೂರಿಸ್ತಾರೆ…

ಅವಳ ಹತ್ರ ಮಾತಾಡಬೇಕಾ? ಇರು, ಫೋನ್ ಹಿಡ್ಕೊಂಡೇ ಆಚೆ ಹೋಗ್ತೀನಿ. ಗುಬ್ಬೀ… ಗುಬ್ಬೀ, ಏಳೇ, ಗ್ಲೌಸ್ ಹಾಕ್ಕೋ, ನಿನ್ನ ಬೂತಿಗೆ ಹೋಗು… ಹೂಂ, ನಿಜ… ಇಲ್ಲ, ಯಾರ ಕಾಲೂ ಹಿಡೀಲಿಲ್ಲ. ನಿಮ್ಮಪ್ಪಾನೇ ಹೇಳಿದ್ದು. ಇಗೋ, ಫೋನಲ್ಲಿದ್ದಾರೆ, ಮಾತಾಡು…

ಬೇಡ್ವಾ?… ಸರಿ ಕಣೇ. ಹೇಳ್ತೀನಿ. ಹಾಗೇ ಹೇಳ್ತೀನಿ, ಒಂದು ಅಕ್ಷರ ಬದಲಾಯಿಸಲ್ಲ. ನೀನು ಹೋಗು, ಪ್ಲೇಟ್ ಮೊದಲು ಚೆನ್ನಾಗಿ ಉಜ್ಜು…

ಹಲೋ. ಅವಳು ಫೋನ್ ಮುಟ್ಟಲ್ಲ ಅಂದ್ಲು. ಈಗ ಗಮನ ಆ ಕಡೆ ಹೋದ್ರೆ ಕೆಲಸ ಕೆಡುತ್ತಂತೆ… ಕೋಪ ಇರಬಹುದು. ಇರಬಾರದಾ?… ಅವಳು ಹೇಳಿದ್ದು ಇಷ್ಟು: "ನಾಳೆ ನಾನು ವೇದಿಕೆ ಮೇಲೆ ಬರಲ್ಲ. ಅಪ್ಪನಿಗೆ ನನ್ನ ಕೆಲಸ ನೋಡಬೇಕು ಅಂದ್ರೆ ಇವತ್ತು ಇಲ್ಲಿಗೆ ಬರ್ಲಿ"…

ಹೌದು, ಅಷ್ಟೇ. ನಾಳೆ ದೊಡ್ಡೋರಿಗೆ ಏನು ಹೇಳ್ತೀಯ ಅಂತ ನನಗ್ಗೊತ್ತಿಲ್ಲ. ಹುಡುಗಿ ಕೆಲಸಕ್ಕೆ ಹೋಗಿದ್ದಾಳೆ ಅನ್ನು. ನಿಮ್ಮ ಸುಧಾರಣೆಗೆ ಅದಕ್ಕಿಂತ ದೊಡ್ಡ ಜಾಹೀರಾತು ಬೇಕಾ?…

ಏನು?… ಇಲ್ಲ, ಸರಿಯಾಗಿ ಕೇಳಿಸ್ತು, ನಂಬೋಕೆ ಆಗಲಿಲ್ಲ. ವರ್ಕ್‌ಶಾಪ್ ಎಲ್ಲಿದೆ ಅಂತ ಕೇಳ್ತಿದ್ದೀಯಾ? ಊರಿಗೆಲ್ಲ ಇಲ್ಲಿಗೆ ಬನ್ನಿ ಬನ್ನಿ ಅಂತ ಕರೆದೋನು ನೀನು. ನಿನಗೇ ದಾರಿ ಗೊತ್ತಿಲ್ವಾ?…

ಆಯ್ತು, ನಗಲ್ಲ. ಬರ್ಕೋಬೇಡ, ಕೇಳು ಸಾಕು. ಬಸ್ ಡಿಪೋ ದಾಟು. ಎಡಕ್ಕೆ ಟೈರ್ ಅಂಗಡಿ ಸಾಲು ಬರುತ್ತೆ. ಅದರ ಹಿಂದೆ ಓಣಿ. ಕಾರು ಒಳಗೆ ಬರಲ್ಲ, ಅಲ್ಲೇ ಬಿಟ್ಟು ನಡ್ಕೊಂಡು ಬಾ. ಬೋರ್ಡ್ ಕಾಣಿಸಲ್ಲ, ಅದರ ಮೇಲೆ ನಿನ್ನ ಬ್ಯಾನರ್ ಕಟ್ಟಿದ್ದಾರೆ. ತಗಡಿನ ಚಾವಣಿ ನೋಡ್ಕೊಂಡು ಬಾ. ಗೇಟಲ್ಲಿ ಯಾರು ಅಂತ ಕೇಳಿದ್ರೆ ಅಧಿಕಾರಿ ಅನ್ನಬೇಡ, ಒಳಗೆ ಬಿಡಲ್ಲ. ಗುಬ್ಬಿ ಅಪ್ಪ ಅನ್ನು, ಬಿಡ್ತಾರೆ…

ಹೊರಟ್ಯಾ? ನಿಜವಾಗ್ಲೂ?… ಆ ಬಾಗಿಲ ಸದ್ದು ಕೇಳಿಸ್ತು. ನಿಧಾನ, ಮೆಟ್ಟಿಲು ನೋಡ್ಕೊಂಡು ಇಳಿ…

ಹಾಂ, ಶುರು ಮಾಡಿದ್ಲು. ಕೇಳಿಸ್ತಿದೆಯಾ, ಫೋನ್ ಆ ಕಡೆ ಹಿಡೀಲಾ?… ಆ ಚರಚರ ಅನ್ನೋದು, ಅದೇ. ಒಂದೇ ಸಮ ಬರ್ತಿದೆ ನೋಡು, ಎಲ್ಲೂ ತಡೀತಿಲ್ಲ…

ಕೇಳು, ಒಂದೇ ಮಾತು. ಬಂದ ಕೂಡಲೇ ಅವಳ ಹೆಸರು ಹಿಡಿದು ಕರೀಬೇಡ, ಮುಗಿಸೋತನಕ ಸುಮ್ಮನೆ ಹಿಂದೆ ನಿಂತ್ಕೋ. ಮತ್ತೆ ಬರಿಗಣ್ಣಲ್ಲಿ ನೋಡಬೇಡ, ತಡ್ಕೊಳ್ಳೋಕೆ ಆಗಲ್ಲ. ಗಾಜು ನಾನು ಕೊಡ್ತೀನಿ, ಅದನ್ನ ಕಣ್ಣಿಗೆ ಹಿಡ್ಕೊಂಡು ನೋಡು, ಆಗ ಕಾಣುತ್ತೆ, ಎರಡು ತುಂಡು ಹೇಗೆ… ಹಲೋ?… ಹಲೋ, ತಮ್ಮಾ… ಕಾರು ಶುರು ಆದ ಸದ್ದು ಬಂತು, ಇಟ್ಟೇಬಿಟ್ಟ…